ಓಣಿಯ ನೀರಿನ ಪೈಪ್ ಎಲ್ಲಿದೆ ಎಂದು ನಕ್ಷೆಯಲ್ಲಿ ಸರಿಯಾಗಿ ತೋರಿಸುವ ಬಗ್ಗೆ ಐದನೇ ಮನವಿ

ಇವರಿಗೆ,
ಮಾನ್ಯ ಮುಖ್ಯಾಧಿಕಾರಿಗಳು

ಇವರಿಂದ,
ಓಣಿಯ ನಿವಾಸಿಗಳು, ಬೀದರ್ ಜಿಲ್ಲೆ

ಮಾನ್ಯರೇ,

ನಮಸ್ಕಾರ. ಹೋದ ವಾರ ಜೆಸಿಬಿ ನಮ್ಮ ಕುಡಿಯುವ ನೀರಿನ ಪೈಪ್ ಒಡೆಯಿತು. ಒಂದೇ ವರ್ಷದಲ್ಲಿ ಇದು ನಾಲ್ಕನೇ ಸಲ. ಈ ಸಲ ಕೇಬಲ್‌ನವರು, ಅದಕ್ಕೂ ಮುಂಚೆ ಗಟಾರದವರು. "ಇಲ್ಲಿ ಪೈಪ್ ಇದೆ ಅಂತ ಯಾರೂ ಹೇಳಲಿಲ್ಲ" ಅಂದರು. ಹೇಳಬೇಕಾದವರು ನೀವಲ್ವಾ?

ನಿಮ್ಮಲ್ಲಿ ಜಿಐಎಸ್ ನಕ್ಷೆ, ಅಂದರೆ ಪೈಪ್ ಎಲ್ಲೆಲ್ಲಿದೆ ಎಂದು ತೋರಿಸುವ ಕಂಪ್ಯೂಟರ್ ನಕ್ಷೆ ಇದೆ. ಕಚೇರಿಯ ಕಂಪ್ಯೂಟರ್‌ನಲ್ಲಿ ನಾವೇ ನೋಡಿದ್ದೇವೆ. ಅದರಲ್ಲಿ ನೀಲಿ ಗೆರೆ ರಸ್ತೆಯ ನಡುವೆ ನೆಟ್ಟಗೆ ಹೋಗುತ್ತದೆ. ನಿಜವಾದ ಪೈಪ್ ಎಡಕ್ಕೆ, ಗಟಾರದ ಗೋಡೆಗೆ ಒತ್ತಿಕೊಂಡಿದೆ. ಕೆಲಸಕ್ಕೆ ಮುಂಚೆ ಬರೆದ ಪ್ಲಾನ್ ಅನ್ನೇ ನಕ್ಷೆಗೆ ಏರಿಸಿದ್ದಾರೆ. ಅಗೆಯುವಾಗ ಕಲ್ಲು ಅಡ್ಡ ಬಂತು, ಪೈಪ್ ಪಕ್ಕಕ್ಕೆ ಸರಿಯಿತು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಮೊದಲ ದೂರಿಗೆ ಸೀಲು ಹಾಕಿ ಸೋಮವಾರ ಬನ್ನಿ ಅಂದಿರಿ. ಎರಡನೆಯದಕ್ಕೆ ನಕ್ಷೆ ನೋಡುವವರು ರಜೆಯಲ್ಲಿದ್ದರು. ಮೂರನೆಯದಕ್ಕೆ ಅದು ನೀರಿನ ವಿಭಾಗದ್ದು ಅಂದರು. ಅಲ್ಲಿ ಹೋದರೆ ಕಂಪ್ಯೂಟರ್‌ನವರದ್ದು ಅಂದರು. ನಾಲ್ಕನೇ ದೂರು ಕೊಟ್ಟ ಸಂಜೆಯೇ ಮೊಬೈಲ್‌ಗೆ "ಪರಿಹರಿಸಲಾಗಿದೆ" ಎಂಬ ಮೆಸೇಜ್ ಬಂತು. ಆಗ ತೆಗ್ಗಿನಲ್ಲಿ ಮೊಣಕಾಲುದ್ದ ನೀರಿತ್ತು. ಇದು ನಮಗೆ ಮಾಡಿದ ಅವಮಾನ.

ವಾಲ್ವ್ ತಿರುಗಿಸುತ್ತಿದ್ದ ಕಾಕಾ ನಿವೃತ್ತರಾದ ಮೇಲೆ ಗೋಳು ಇನ್ನೂ ಜಾಸ್ತಿ. ಬೇವಿನ ಮರದಿಂದ ಏಳು ಹೆಜ್ಜೆ ಅಂತ ಅವರಿಗೆ ಗೊತ್ತಿತ್ತು. ಈಗ ಒಂದು ವಾಲ್ವ್ ಹುಡುಕಲು ಮೂರು ತೆಗ್ಗು ತೋಡುತ್ತಾರೆ. ಅಷ್ಟರಲ್ಲಿ ನಳದಲ್ಲಿ ಹೊಲಸು ನೀರು. ನಳಕ್ಕೆ ಕಟ್ಟಿದ ಬಿಳಿ ಬಟ್ಟೆ ಒಂದೇ ಕೊಡಕ್ಕೆ ಕಪ್ಪಾಗುತ್ತದೆ. ಅದನ್ನೇ ಕಾಸಿ ಮಕ್ಕಳಿಗೆ ಕುಡಿಸುತ್ತಿದ್ದೇವೆ. ಅಗೆದ ರಸ್ತೆ ಹಾಗೇ ಇದೆ, ಕಸದ ಗಾಡಿ ಒಳಗೆ ಬರುವುದಿಲ್ಲ, ಮೂಲೆಯ ದೀಪ ದೀಪಾವಳಿಯಿಂದ ಉರಿದಿಲ್ಲ. ತೆರಿಗೆ ಮಾತ್ರ ತಪ್ಪದೆ ಕಟ್ಟಿದ್ದೇವೆ.

ನಮ್ಮ ಜಿಲ್ಲೆಯ ನೌಬಾದ್‌ನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ. ನೆಲದಡಿಯ ಆ ನೀರಿನ ದಾರಿ ಮೇಲಿನ ಬಾವಿಗಳ ಸಾಲು ನೋಡಿದರೆ ಇವತ್ತಿಗೂ ತಿಳಿಯುತ್ತದೆ. 15ನೇ ಶತಮಾನದವರು ಗುರುತು ಬಿಟ್ಟು ಹೋದರು. ನೀವು ನಾಲ್ಕು ವರ್ಷದ ಹಿಂದೆ ಹಾಕಿದ ಪೈಪ್‌ಗೆ ಗುರುತಿಲ್ಲ. ಅಗೆಯುವ ಮುಂಚೆ ಪೈಪ್, ಕೇಬಲ್‌ನವರಿಗೆ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿದೆ. ನಕ್ಷೆಯೇ ತಪ್ಪಿದ್ದರೆ ಆ್ಯಪ್ ಏನು ಮಾಡುತ್ತದೆ?

ನಾವು ಕೇಳುವುದು ಇಷ್ಟೇ. ಯಾರೇ ಅಗೆಯಲಿ, ಮಣ್ಣು ಮುಚ್ಚುವ ಮುಂಚೆ ಪೈಪ್‌ನ ಜಾಗ, ಆಳ, ದಪ್ಪ ಅಳೆದು ಫೋಟೊ ಸಮೇತ ನಕ್ಷೆಗೆ ಸೇರಿಸಿ. ಅಲ್ಲಿಯವರೆಗೆ ಗುತ್ತಿಗೆದಾರರ ಬಿಲ್ ಪಾಸ್ ಮಾಡಬೇಡಿ. ಮೊಬೈಲ್ ಹಿಡಿದು ಸುಮ್ನೆ ಅಳೆಯುವುದು ಬೇಡ. ಅದರ ಜಿಪಿಎಸ್ ನಾಲ್ಕೈದು ಮೀಟರ್ ತಪ್ಪಬಹುದು, ನಮ್ಮ ಓಣಿಯ ಅಗಲವೇ ಅಷ್ಟು. ಅದಕ್ಕಿಂತ ನಿಖರವಾಗಿ ಜಾಗ ಅಳೆಯುವ ಡಿಜಿಪಿಎಸ್ ಯಂತ್ರ ತನ್ನಿ.

ತೆಗ್ಗು ಈಗ ತೆರೆದೇ ಇದೆ, ಪೈಪ್ ಕಣ್ಣಿಗೆ ಕಾಣುತ್ತಿದೆ. ಮುಚ್ಚುವ ಮುಂಚೆ ನಿಮ್ಮವರನ್ನು ಕಳಿಸಿ. ವಾಲ್ವ್‌ಗಳಿರುವ ಜಾಗ ತೋರಿಸಲು ಕಾಕಾ ಬರಲು ಒಪ್ಪಿದ್ದಾರೆ.

ಇಂತಿ,
ಓಣಿಯ ಎಲ್ಲ ಮನೆಯವರು
ಸಹಿಗಳು ಹಿಂದಿನ ಪುಟದಲ್ಲಿವೆ