ವರ್ಶನ್ 4ರ ಡಾಕ್ಯುಮೆಂಟೇಶನ್ ಮತ್ತು ಪ್ಯಾಕೇಜ್‌ಗಳು ಸಿಗದಿರುವ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಬೆಂಬಲ ವಿಭಾಗ
ಪ್ರತಿ: ಡಾಕ್ಯುಮೆಂಟೇಶನ್ ತಂಡ, ರಿಲೀಸ್ ತಂಡ

ವಿಷಯ: ಬೆಂಬಲದ ಅವಧಿಯಲ್ಲಿರುವ ವರ್ಶನ್‌ನ ಡಾಕ್ಯುಮೆಂಟೇಶನ್ ತೆಗೆದುಹಾಕಿರುವುದು, ಪ್ಯಾಕೇಜ್‌ಗಳನ್ನು ಅಳಿಸಿ ಬದಲಿಸಿರುವುದು

ಮಾನ್ಯರೇ,

ನಿಮ್ಮ ಗ್ರಿಡ್ ಮತ್ತು ಚಾರ್ಟ್ ಕಾಂಪೊನೆಂಟ್ ಲೈಬ್ರರಿಯ ವರ್ಶನ್ 4ಕ್ಕೆ ನಮ್ಮ ಲೈಸೆನ್ಸ್ ಇದೆ. ಒಪ್ಪಂದದ ಪ್ರಕಾರ ಅದರ ಬೆಂಬಲದ ಅವಧಿ ಮುಗಿಯಲು ಇನ್ನೂ 14 ತಿಂಗಳಿದೆ. ಹೀಗಿದ್ದರೂ ವರ್ಶನ್ 6 ಬಿಡುಗಡೆಯಾಗುತ್ತಿದ್ದಂತೆ ವರ್ಶನ್ 4ರ ಡಾಕ್ಯುಮೆಂಟೇಶನ್ ಸೈಟಿನಿಂದ ಮಾಯವಾಯಿತು. ಅದರ ಬೆನ್ನಿಗೇ ರಿಜಿಸ್ಟ್ರಿಯಿಂದ (ಪ್ಯಾಕೇಜ್‌ಗಳನ್ನು ಇಳಿಸಿಕೊಳ್ಳುವ ಸಂಗ್ರಹ) ಕೆಲವು ಪ್ಯಾಕೇಜ್‌ಗಳೂ ಹೋದವು. ಇದಕ್ಕೆ ಹಾಕಿದ ಎರಡು ಟಿಕೆಟ್‌ಗಳಿಗೂ ಬಂದ ಉತ್ತರ ಒಂದೇ: ಇತ್ತೀಚಿನ ವರ್ಶನ್‌ಗೆ ಬದಲಾಯಿಸಿಕೊಳ್ಳಿ. ಹಾಗಾಗಿ ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ, ಏನು ಮಾಡಿದರೆ ಸರಿಹೋಗುತ್ತದೆ ಎಂಬುದನ್ನು ಬಿಡಿಸಿ ಬರೆದಿದ್ದೇವೆ. ಟಿಕೆಟ್ ಮುಚ್ಚುವವರಿಗಿಂತ ಸೈಟ್ ನಡೆಸುವವರು, ಪ್ಯಾಕೇಜ್ ಕಟ್ಟುವವರು ಇದನ್ನು ಓದಬೇಕು.

ಮೊದಲು ಲಿಂಕ್‌ಗಳ ವಿಚಾರ. ವರ್ಶನ್ 4ರ ಯಾವ ಪುಟದ ವಿಳಾಸ ಕೊಟ್ಟರೂ ನಿಮ್ಮ ಸರ್ವರ್ 302 (ತಾತ್ಕಾಲಿಕವಾಗಿ ಬೇರೆಡೆ ಇದೆ) ಎಂದು ಹೇಳಿ ವರ್ಶನ್ 6ರ ಮುಖಪುಟಕ್ಕೆ ಕಳಿಸುತ್ತದೆ. ಕರ್ಲ್ ಎಂಬ ಕಮಾಂಡ್ ಟೂಲ್‌ನಲ್ಲಿ ಹೆಡರ್ (ಸರ್ವರ್ ಉತ್ತರದ ತಲೆಸಾಲುಗಳು) ಮಾತ್ರ ಕೇಳಿ ನೋಡಿ. ಕಾಲಂ ಫಿಲ್ಟರ್ ಪುಟ, ಪ್ರಿಂಟ್ ಸೆಟ್ಟಿಂಗ್ ಪುಟ, ಕೀಬೋರ್ಡ್ ಶಾರ್ಟ್‌ಕಟ್ ಪುಟ, ಯಾವುದನ್ನು ಕೇಳಿದರೂ ಲೊಕೇಶನ್ ಸಾಲಿನಲ್ಲಿ ಬರುವುದು ಅದೇ ಒಂದು ವಿಳಾಸ. ಇದು ತಿಪ್ಪೆ ಸಾರಿಸುವ ಕೆಲಸ. ಪುಟ ಇಲ್ಲದಿದ್ದರೆ 404 ಎನ್ನಬೇಕು. ಬೇಕೆಂದೇ ತೆಗೆದಿದ್ದರೆ 410 ಎನ್ನಬಹುದು. ಬೇರೆ ಕಡೆಗೆ ಹೋಗಿದ್ದರೆ 301 ಕೊಟ್ಟು ಅದೇ ವಿಷಯದ ಪುಟಕ್ಕೇ ಕಳಿಸಬೇಕು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಕೊನೆಯಲ್ಲಿ ಬರುವುದು 200, ಅಂದರೆ ಎಲ್ಲ ಸರಿಯಿದೆ ಎಂಬ ಉತ್ತರ. ಲಿಂಕ್ ಪರೀಕ್ಷಿಸುವ ಟೂಲ್‌ಗಳು ಅದನ್ನು ನಂಬಿ ಹಸಿರು ತೋರಿಸುತ್ತವೆ. ನಿಮ್ಮ ವರದಿಯಲ್ಲೂ ಮುರಿದ ಲಿಂಕ್‌ಗಳು ಸೊನ್ನೆ ಎಂದೇ ಬರುತ್ತಿರಬೇಕು. ಬೇನೆ ಕಾಣದಿರುವುದಕ್ಕೆ ಕಾರಣವೇ ಈ ರೀಡೈರೆಕ್ಟ್.

ಲಿಂಕ್‌ನ ಕೊನೆಯಲ್ಲಿ ಹ್ಯಾಶ್ ಗುರುತಿನ ನಂತರ ಬರುವ ಭಾಗದ ಪಾಡು ಇನ್ನೂ ಬೇರೆ. ಅದು ಸರ್ವರ್‌ಗೆ ಹೋಗುವುದೇ ಇಲ್ಲ, ಬ್ರೌಸರ್ ತನ್ನ ಬಳಿಯೇ ಇಟ್ಟುಕೊಳ್ಳುತ್ತದೆ. ರೀಡೈರೆಕ್ಟ್ ಆದಾಗ ಹೊಸ ವಿಳಾಸದಲ್ಲಿ ಹ್ಯಾಶ್ ಇಲ್ಲದಿದ್ದರೆ ಹಳೆಯದನ್ನೇ ಅದಕ್ಕೆ ಅಂಟಿಸಿಕೊಂಡು ಹೋಗುತ್ತದೆ. ಪುಟದಿಂದ ಪುಟಕ್ಕೆ ಸರಿಯಾಗಿ ಕಳಿಸಿದ್ದರೆ, ಉಪಶೀರ್ಷಿಕೆಯ ಐಡಿ ಬದಲಾಗದೆ ಇದ್ದಿದ್ದರೆ, ಓದುವವರು ನೇರವಾಗಿ ಬೇಕಾದ ಸಾಲಿಗೇ ಬಂದು ನಿಲ್ಲುತ್ತಿದ್ದರು. ಅದಕ್ಕೆ ನೀವು ಬೇರೇನೂ ಮಾಡಬೇಕಿರಲಿಲ್ಲ. ಆದರೆ ನಿಮ್ಮ ಐಡಿಗಳು ಉಪಶೀರ್ಷಿಕೆಯ ಪದಗಳಿಂದ ತಾವಾಗಿಯೇ ಹುಟ್ಟುತ್ತವೆ. ಯಾರೋ ಶೀರ್ಷಿಕೆಯಲ್ಲಿ ಒಂದು ಪದ ತಿದ್ದಿದರೆ ಐಡಿಯೂ ಬದಲಾಗುತ್ತದೆ, ಹೊರಗಿನ ಲಿಂಕ್‌ಗಳೆಲ್ಲ ಪುಟದ ಮೇಲ್ತುದಿಗೆ ಬಂದು ನಿಲ್ಲುತ್ತವೆ. ಮುಖ್ಯ ಉಪಶೀರ್ಷಿಕೆಗಳಿಗೆ ಕೈಯಿಂದಲೇ ಐಡಿ ಕೊಟ್ಟು, ಶೀರ್ಷಿಕೆ ಬದಲಾದರೂ ಅದನ್ನು ಮುಟ್ಟದಿದ್ದರೆ ಸಾಕು.

ಹಳೆಯ ಡಾಕ್ಯುಮೆಂಟೇಶನ್ ಉಳಿಸಿದರೆ ಹೊಸಬರು ದಾರಿ ತಪ್ಪುತ್ತಾರೆ ಎಂಬುದು ನಿಮ್ಮ ಸಮಜಾಯಿಷಿ. ಇದಕ್ಕೆ ಪರಿಹಾರ ಎಂದೋ ಸಿಕ್ಕಿದೆ. ಪೈಥಾನ್ 2.7ರ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಅದರ ಡಾಕ್ಯುಮೆಂಟೇಶನ್ ಮಾತ್ರ ಆಮೇಲೂ ಸೈಟಿನಲ್ಲೇ ಉಳಿಯಿತು. ಪೋಸ್ಟ್‌ಗ್ರೆಸ್ಕ್ಯೂಎಲ್ ಬೆಂಬಲ ಮುಗಿದ ವರ್ಶನ್‌ಗಳ ಪುಟಗಳನ್ನೂ ಇಟ್ಟುಕೊಂಡು, ಇದು ಹಳೆಯದು ಎಂದು ಮೇಲ್ಗಡೆ ಎಚ್ಚರಿಕೆ ಹಾಕುತ್ತದೆ, ಬೇರೆ ವರ್ಶನ್‌ನ ಅದೇ ಪುಟಕ್ಕೆ ಲಿಂಕ್ ಕೊಡುತ್ತದೆ. ವರ್ಶನ್ ಸಂಖ್ಯೆ ವಿಳಾಸದ ಒಳಗೇ ಇರಲಿ, ಹಳೆಯ ಪುಟದ ಕ್ಯಾನೊನಿಕಲ್ ಟ್ಯಾಗ್ (ಮುಖ್ಯ ಪುಟ ಯಾವುದೆಂದು ಸರ್ಚ್ ಎಂಜಿನ್‌ಗೆ ಹೇಳುವ ಗುರುತು) ಹೊಸ ಪುಟವನ್ನು ತೋರಿಸಲಿ. ಆಗ ಸರ್ಚ್ ಎಂಜಿನ್ ಹೊಸಬರನ್ನು ಹೊಸ ಪುಟಕ್ಕೆ ಕಳಿಸುತ್ತದೆ, ಹಳೆಯ ಲಿಂಕ್ ಇದ್ದವರಿಗೆ ಹಳೆಯ ಪುಟವೂ ಸಿಗುತ್ತದೆ. ಇವೆಲ್ಲ ಸ್ಟ್ಯಾಟಿಕ್ ಫೈಲ್‌ಗಳು. ಇಟ್ಟುಕೊಳ್ಳುವ ಖರ್ಚಿನ ಮಾತೇ ಬರುವುದಿಲ್ಲ.

ವರ್ಶನ್ 6ರ ಸೈಟಿನಲ್ಲಾದರೂ ಬೇಕಾದದ್ದು ಸಿಗುತ್ತದೆಯೇ ಎಂದರೆ ಅದೂ ಇಲ್ಲ. ಗ್ರಿಡ್ ತಪ್ಪಿದಾಗ ಕನ್ಸೋಲ್‌ನಲ್ಲಿ 1047 ಎಂಬ ಎರರ್ ಕೋಡ್, ಜೊತೆಗೆ 'ವಿವರಕ್ಕೆ ಡಾಕ್ಯುಮೆಂಟೇಶನ್ ನೋಡಿ' ಎಂಬ ಸಾಲು ಬರುತ್ತದೆ. ಅದೇ ಅಂಕಿಯನ್ನು ನಿಮ್ಮ ಸರ್ಚ್ ಪೆಟ್ಟಿಗೆಯಲ್ಲಿ ಹಾಕಿದರೆ ಫಲಿತಾಂಶ ಸೊನ್ನೆ. ಎರರ್ ಕೋಡ್‌ಗಳ ಪಟ್ಟಿಯೇ ಸೈಟಿನಲ್ಲಿ ಇಲ್ಲ. ಫಂಕ್ಷನ್ ಹೆಸರು ಹುಡುಕುವುದೂ ಕಷ್ಟ. 'ಆನ್‌ಬಿಫೋರ್‌ಸಾರ್ಟ್' ಎಂದು ಅಕ್ಷರ ತಪ್ಪದೆ ಪೂರ್ತಿ ಹೊಡೆದರೆ ಮಾತ್ರ ಸಿಗುತ್ತದೆ, 'ಬಿಫೋರ್ ಸಾರ್ಟ್' ಎಂದರೆ ಸಿಗದು. ನಿಮ್ಮ ಸರ್ಚ್ ಇಂಡೆಕ್ಸ್ ಪದಗಳನ್ನು ಖಾಲಿ ಜಾಗದಲ್ಲಿ ಮಾತ್ರ ಒಡೆಯುತ್ತದೆ, ಹೆಸರಿನ ನಡುವೆ ದೊಡ್ಡಕ್ಷರ ಬರುವಲ್ಲಿ, ಚುಕ್ಕಿ ಬರುವಲ್ಲಿ, ಅಂಡರ್‌ಸ್ಕೋರ್ ಬರುವಲ್ಲಿ ಒಡೆಯುವುದಿಲ್ಲ. ಕೋಡ್ ಹುಡುಕುವ ಜಾಗದಲ್ಲಿ ಕಥೆ ಹುಡುಕುವ ಸೆಟ್ಟಿಂಗ್ ಇಟ್ಟಂತಾಗಿದೆ. ಇಂಡೆಕ್ಸ್ ಮಾಡುವಾಗ ಹೆಸರನ್ನು ಇಡಿಯಾಗಿ ಒಮ್ಮೆ, ತುಂಡು ತುಂಡಾಗಿ ಒಮ್ಮೆ ಸೇರಿಸಿ.

ಹೊರಗಿನ ಸರ್ಚ್ ಎಂಜಿನ್ ನೆಚ್ಚಿಕೊಳ್ಳೋಣವೆಂದರೆ ಪುಟಗಳೆಲ್ಲ ಜಾವಾಸ್ಕ್ರಿಪ್ಟ್ ಓಡಿದ ಮೇಲಷ್ಟೇ ತುಂಬುತ್ತವೆ. ಪುಟದ ಸೋರ್ಸ್ ತೆರೆದು ನೋಡಿದರೆ ಒಂದು ಖಾಲಿ ಡಿವ್, ಒಂದು ಸ್ಕ್ರಿಪ್ಟ್ ಟ್ಯಾಗ್, ಅಷ್ಟೇ. ಸ್ಕ್ರಿಪ್ಟ್ ಓಡಿಸದ ಕ್ರಾಲರ್‌ಗೆ, ಆಫ್‌ಲೈನ್ ಪ್ರತಿ ಇಳಿಸಿಕೊಳ್ಳುವ ಟೂಲ್‌ಗೆ ಸಿಗುವುದು ಆ ಖಾಲಿ ಡಿವ್ ಮಾತ್ರ. ಬರಹವೇ ತುಂಬಿರುವ ಪುಟಕ್ಕೆ ಇದರ ಅಗತ್ಯ ಏನಿತ್ತೋ ತಿಳಿಯದು. ಬಿಲ್ಡ್ ಹೊತ್ತಿನಲ್ಲೇ ಎಚ್‌ಟಿಎಂಎಲ್ ಮಾಡಿಟ್ಟರೆ ಮುಗಿಯಿತು.

ಇನ್ನೊಂದು ಸಣ್ಣ ವಿಷಯ. ಟೈಪ್ ಡೆಫಿನಿಷನ್ ಫೈಲ್‌ಗಳಲ್ಲಿ ಮೊದಲು ಪ್ರತಿ ಪ್ರಾಪರ್ಟಿಯ ಮೇಲೂ ವಿವರಣೆಯ ಕಾಮೆಂಟ್ ಇತ್ತು, ಎಡಿಟರ್‌ನಲ್ಲಿ ಹೆಸರಿನ ಮೇಲೆ ಮೌಸ್ ಇಟ್ಟರೆ ಕಾಣುತ್ತಿತ್ತು. 4.8.4ರಿಂದ ಅದೂ ಇಲ್ಲ. ಟೈಪ್‌ಸ್ಕ್ರಿಪ್ಟ್‌ನ 'ರಿಮೂವ್‌ಕಾಮೆಂಟ್ಸ್' ಸೆಟ್ಟಿಂಗನ್ನು ಯಾರೋ ಆನ್ ಮಾಡಿರಬೇಕು. ಅದು ಜಾವಾಸ್ಕ್ರಿಪ್ಟ್‌ನ ಕಾಮೆಂಟ್‌ಗಳ ಜೊತೆಗೆ ಡೆಫಿನಿಷನ್ ಫೈಲ್‌ನ ಕಾಮೆಂಟ್‌ಗಳನ್ನೂ ಅಳಿಸುತ್ತದೆ. ಫೈಲ್ ಚಿಕ್ಕದಾಗಬೇಕಿದ್ದರೆ ಆ ಕೆಲಸ ಮಿನಿಫೈಯರ್‌ಗೆ ಬಿಡಿ, ಈ ಸೆಟ್ಟಿಂಗ್ ಆಫ್ ಇರಲಿ. ಸೈಟ್ ಕೈಕೊಟ್ಟಾಗ ಉಳಿದಿದ್ದ ಆಸರೆ ಅದೊಂದೇ.

ಇನ್ನು ಕಾಂಪೊನೆಂಟ್‌ಗಳು. ವರ್ಶನ್ 6ರಲ್ಲಿ ಒಂದಿದ್ದ ಪ್ಯಾಕೇಜನ್ನು ಐದು ಮಾಡಿದ್ದೀರಿ: ಕೋರ್, ಗ್ರಿಡ್, ಎಕ್ಸ್‌ಪೋರ್ಟ್, ಲೊಕೇಲ್, ಸ್ಟೈಲ್ಸ್. ಒಡೆದದ್ದು ಒಳ್ಳೆಯದೇ, ಬೇಡದ್ದನ್ನು ಹೊರಬೇಕಿಲ್ಲ. ಆದರೆ ಮಾದರಿ ಕೋಡ್‌ಗಳ ಇಂಪೋರ್ಟ್ ಸಾಲು ಇನ್ನೂ ಹಳೆಯ ಒಂದೇ ಪ್ಯಾಕೇಜ್‌ನ ಹೆಸರಿನಲ್ಲಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಪುಟ ಒಂದು ಕಡೆ, ಪ್ಯಾಕೇಜ್ ಇನ್ನೊಂದು ಕಡೆ. ಯಾವ ಕಾಂಪೊನೆಂಟ್ ಯಾವ ಪ್ಯಾಕೇಜ್‌ನಲ್ಲಿದೆ ಎಂಬ ಒಂದು ಕೋಷ್ಟಕವೂ ಸೈಟಿನಲ್ಲಿಲ್ಲ. ಎಕ್ಸೆಲ್ ಫೈಲ್ ಇಳಿಸುವ ಮಾದರಿಗೆ ಎಕ್ಸ್‌ಪೋರ್ಟ್ ಪ್ಯಾಕೇಜ್ ಬೇಕು ಎಂದು ಆ ಪುಟ ಹೇಳುವುದಿಲ್ಲ. ಗ್ರಿಡ್ ಪ್ಯಾಕೇಜ್‌ನ ಪೀರ್ ಡಿಪೆಂಡೆನ್ಸಿ (ಜೊತೆಗಿರಬೇಕಾದ ಬೇರೆ ಪ್ಯಾಕೇಜ್‌ಗಳ) ಪಟ್ಟಿಯಲ್ಲೂ ಅದರ ಹೆಸರಿಲ್ಲ. ಪರಿಣಾಮವಾಗಿ ಇನ್‌ಸ್ಟಾಲ್ ಚಕಾರ ಎತ್ತದೆ ಮುಗಿಯುತ್ತದೆ, ಬಳಸುವವರು ಡೌನ್‌ಲೋಡ್ ಬಟನ್ ಒತ್ತಿದಾಗ ಮಾಡ್ಯೂಲ್ ಸಿಗಲಿಲ್ಲ ಎಂಬ ಎರರ್ ಬರುತ್ತದೆ. ಐಚ್ಛಿಕ ಪೀರ್ ಡಿಪೆಂಡೆನ್ಸಿ ಎಂದು ಬರೆದು, ಆ ಪುಟದ ಮೊದಲ ಸಾಲಿನಲ್ಲೇ ಬೇಕಾದ ಪ್ಯಾಕೇಜ್‌ನ ಹೆಸರು ಮತ್ತು ವರ್ಶನ್ ಹೇಳಿದ್ದರೆ ಇಷ್ಟು ಗೋಳು ಇರುತ್ತಿರಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವುದು ಸ್ಟೈಲ್ಸ್ ಪ್ಯಾಕೇಜ್. ಅದನ್ನು ಹಾಕದಿದ್ದರೆ ಎರರ್ ಬರುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಗ್ರಿಡ್ ಇರಬೇಕಾದ ಜಾಗ ಬರೀ ಬಿಳಿ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಡೇಟಾ ಬಂದಿರುತ್ತದೆ, ಕನ್ಸೋಲ್‌ನಲ್ಲಿ ಸಾಲುಗಳ ಸಂಖ್ಯೆ ಕೇಳಿದರೆ 500 ಎಂದೇ ಹೇಳುತ್ತದೆ, ಕಣ್ಣಿಗೆ ಮಾತ್ರ ಒಂದೂ ಕಾಣುವುದಿಲ್ಲ. ಡೇಟಾ ತಪ್ಪೆಂದು ಎಲ್ಲರೂ ಅಲ್ಲೇ ಹುಡುಕುತ್ತಾರೆ. ನಿಜವಾದ ಕಾರಣ ವರ್ಚುವಲ್ ಸ್ಕ್ರೋಲ್, ಅಂದರೆ ಕಣ್ಣಿಗೆ ಕಾಣುವಷ್ಟು ಸಾಲುಗಳನ್ನು ಮಾತ್ರ ಬಿಡಿಸುವ ವಿಧಾನ. ಹೊರ ಪೆಟ್ಟಿಗೆಯ ಎತ್ತರವನ್ನು ಒಂದು ಸಾಲಿನ ಎತ್ತರದಿಂದ ಭಾಗಿಸಿ ಎಷ್ಟು ಸಾಲು ಬಿಡಿಸಬೇಕೆಂದು ಗ್ರಿಡ್ ಲೆಕ್ಕ ಹಾಕುತ್ತದೆ. ಪೆಟ್ಟಿಗೆಗೆ ಎತ್ತರ ಕೊಡುವುದು ಆ ಸ್ಟೈಲ್ ಫೈಲ್. ಅದಿಲ್ಲದಿದ್ದರೆ ಎತ್ತರ 0, ಬಿಡಿಸುವ ಸಾಲುಗಳೂ 0. ಡೆವಲಪ್‌ಮೆಂಟ್ ಮೋಡ್‌ನಲ್ಲಿ ಎತ್ತರ 0 ಇದ್ದರೆ ಕನ್ಸೋಲ್‌ಗೆ ಒಂದು ಎಚ್ಚರಿಕೆ ಬರೆಯುವುದು ಒಂದು ಇಫ್ ಸಾಲಿನ ಕೆಲಸ. ಅಲ್ಲಿಯವರೆಗೆ 'ಗ್ರಿಡ್ ಖಾಲಿ ಕಾಣುತ್ತಿದೆ' ಎಂಬ ಹೆಸರಿನಲ್ಲೇ ಒಂದು ಪುಟ ಹಾಕಿ. ಜನ ಹುಡುಕುವುದು ಆ ಮಾತುಗಳಿಂದಲೇ, 'ಸ್ಟೈಲಿಂಗ್ ಆರ್ಕಿಟೆಕ್ಚರ್' ಎಂದು ಯಾರೂ ಹುಡುಕುವುದಿಲ್ಲ.

ರಿಜಿಸ್ಟ್ರಿಯ ವಿಚಾರದಲ್ಲಿ ನಮ್ಮ ಆಕ್ಷೇಪ ಇನ್ನೂ ಗಂಭೀರ. 4.8.3ನ್ನು ನಿಮ್ಮ ಖಾಸಗಿ ರಿಜಿಸ್ಟ್ರಿಯಿಂದ ಅಳಿಸಿದ್ದೀರಿ. ಲಾಕ್ ಫೈಲ್‌ನಲ್ಲಿ (ಯಾವ ಪ್ಯಾಕೇಜ್‌ನ ಯಾವ ವರ್ಶನ್ ಬೇಕೆಂಬ ಪಟ್ಟಿ) ಆ ಸಂಖ್ಯೆ ಇರುವ ಪ್ರತಿ ಪ್ರಾಜೆಕ್ಟ್‌ನಲ್ಲೂ ಎನ್‌ಪಿಎಂ ಸಿಐ (ಆ ಪಟ್ಟಿಯಂತೆ ಇನ್‌ಸ್ಟಾಲ್ ಮಾಡುವ, ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಟೂಲ್ ಎನ್‌ಪಿಎಂನ ಕಮಾಂಡ್) ನಿಂತುಹೋಗುತ್ತದೆ. 2016ರ ಮಾರ್ಚ್‌ನಲ್ಲಿ ಲೆಫ್ಟ್‌-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜ್ ತೆಗೆದಾಗ ಎಷ್ಟು ಬಿಲ್ಡ್‌ಗಳು ಬಿದ್ದವು ಎಂಬುದು ಈ ಕ್ಷೇತ್ರದ ಎಲ್ಲರಿಗೂ ಗೊತ್ತು. ಅದಾದ ಮೇಲೆ ಎನ್‌ಪಿಎಂ ತನ್ನ ನಿಯಮವನ್ನೇ ಬಿಗಿ ಮಾಡಿತು. ದೋಷವಿದ್ದರೆ ಡೆಪ್ರಿಕೇಟ್ (ಇನ್ನು ಬಳಸಬೇಡಿ) ಎಂದು ಗುರುತು ಹಾಕಿ, ಕಾರಣ ಬರೆಯಿರಿ, ಫೈಲ್ ಅಲ್ಲೇ ಇರಲಿ.

4.8.4ರದು ಇದಕ್ಕಿಂತ ಕೆಟ್ಟದ್ದು: ಅದೇ ಸಂಖ್ಯೆಯಲ್ಲಿ ಬೇರೆ ಫೈಲ್ ಏರಿಸಿದ್ದೀರಿ. ಲಾಕ್ ಫೈಲ್‌ನಲ್ಲಿರುವ ಎಸ್‌ಎಚ್‌ಎ-512 ಮೊತ್ತ (ಫೈಲ್‌ನ ಒಳಗಿನಿಂದ ಲೆಕ್ಕ ಹಾಕಿದ ಗುರುತು) ಹೊಂದದೆ ಇಂಟೆಗ್ರಿಟಿ ಎರರ್ ಬರುತ್ತಿದೆ. ಆ ಎರರ್ ಇರುವುದೇ ಯಾರಾದರೂ ಫೈಲ್ ಕೆಡಿಸಿದ್ದಾರೆಯೇ ಎಂದು ಹಿಡಿಯಲು. 'ಲಾಕ್ ಫೈಲ್ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿ' ಎಂದು ನಿಮ್ಮ ಬೆಂಬಲ ವಿಭಾಗ ಹೇಳುವುದು ಬೀಗ ತೆರೆಯದಿದ್ದರೆ ಬಾಗಿಲನ್ನೇ ಕಿತ್ತುಹಾಕಿ ಎಂದ ಹಾಗೆ. ಒಮ್ಮೆ ಬಿಡುಗಡೆಯಾದ ವರ್ಶನ್‌ನ ಒಳಗನ್ನು ಮುಟ್ಟಬಾರದು, ಬದಲಾವಣೆಯಿದ್ದರೆ ಹೊಸ ಸಂಖ್ಯೆ ಕೊಡಬೇಕು ಎಂದು ವರ್ಶನ್ ಸಂಖ್ಯೆಗಳ ನಿಯಮಾವಳಿಯಾದ ಸೆಮ್ಯಾಂಟಿಕ್ ವರ್ಶನಿಂಗ್ 2.0.0 ನೇರವಾಗಿ ಹೇಳುತ್ತದೆ. ಅದನ್ನು ಪಾಲಿಸುತ್ತೇವೆ ಎಂದು ನಿಮ್ಮ ಮುಖಪುಟದಲ್ಲೇ ಬರೆದುಕೊಂಡಿದ್ದೀರಿ.

ಲೊಕೇಲ್ ಮತ್ತು ಸ್ಟೈಲ್ಸ್ ಪ್ಯಾಕೇಜ್‌ಗಳ ಹೆಸರಿಗೆ ನಿಮ್ಮ ಕಂಪನಿಯ ಸ್ಕೋಪ್ (ಹೆಸರಿನ ಮೊದಲಿಗೆ ಬರುವ ಕಂಪನಿಯ ಗುರುತು) ಇಲ್ಲ. ರಿಜಿಸ್ಟ್ರಿಯ ಸೆಟ್ಟಿಂಗನ್ನು ಸ್ಕೋಪ್‌ಗೆ ಕಟ್ಟಿದವರಲ್ಲಿ ಈ ಎರಡು ಹೆಸರುಗಳ ಕೋರಿಕೆ ಸಾರ್ವಜನಿಕ ರಿಜಿಸ್ಟ್ರಿಗೆ ಹೋಗಿ 404 ಆಗಿ ಬರುತ್ತದೆ. ಆ ಹೆಸರುಗಳು ಅಲ್ಲಿ ಇನ್ನೂ ಖಾಲಿ ಇವೆ. ನಾಳೆ ಯಾರಾದರೂ ಅದೇ ಹೆಸರಿನಲ್ಲಿ ತಮ್ಮ ಕೋಡ್ ಏರಿಸಿದರೆ ನಿಮ್ಮ ಗ್ರಾಹಕರ ಬಿಲ್ಡ್ ಯಂತ್ರಗಳಲ್ಲಿ ಓಡುವುದು ಅವರ ಕೋಡ್. ಡಿಪೆಂಡೆನ್ಸಿ ಕನ್‌ಫ್ಯೂಶನ್ ಎಂಬ ಈ ದಾಳಿಯ ವಿವರ 2021ರಲ್ಲೇ ಬಹಿರಂಗವಾಗಿದೆ. ಇದಕ್ಕೆ ಟಿಕೆಟ್ ಸರದಿ ಕಾಯಬೇಡಿ: ಇವತ್ತೇ ಆ ಎರಡು ಹೆಸರುಗಳನ್ನು ಸಾರ್ವಜನಿಕ ರಿಜಿಸ್ಟ್ರಿಯಲ್ಲಿ ನಿಮ್ಮ ಖಾತೆಗೆ ಹಿಡಿದಿಡಿ, ಮುಂದಿನ ಬಿಡುಗಡೆಯಲ್ಲಿ ಸ್ಕೋಪ್ ಸೇರಿಸಿ.

ಚೇಂಜ್‌ಲಾಗ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದರಲ್ಲಿ ಬರೆದದ್ದೇ ಕಡಿಮೆ. 4.8.2ರಿಂದ 4.8.4ಕ್ಕೆ ದಿನಾಂಕ ಫಿಲ್ಟರ್‌ನ ಡೀಫಾಲ್ಟ್ ಸ್ಥಳೀಯ ಸಮಯದಿಂದ ಯುಟಿಸಿಗೆ (ವಿಶ್ವ ಪ್ರಮಾಣ ಸಮಯ) ಬದಲಾಗಿದೆ. ಚೇಂಜ್‌ಲಾಗ್‌ನಲ್ಲಿ ಇರುವುದು 'ಬಗ್ ಫಿಕ್ಸ್ ಮತ್ತು ಸುಧಾರಣೆಗಳು' ಎಂಬ ಒಂದೇ ಸಾಲು. ವರ್ಶನ್ ಸಂಖ್ಯೆಯ ಮುಂದೆ ಟಿಲ್ಡೆ (~) ಗುರುತು ಹಾಕಿದವರಿಗೂ ಕ್ಯಾರೆಟ್ (^) ಹಾಕಿದವರಿಗೂ ಪ್ಯಾಚ್ (ಕೊನೆಯ ಅಂಕಿಯ) ಬದಲಾವಣೆ ತಾನಾಗಿ ಬರುತ್ತದೆ, ಹಾಗಾಗಿ ಮಧ್ಯರಾತ್ರಿಯ ಆಸುಪಾಸಿನ ದಾಖಲೆಗಳು ಫಿಲ್ಟರ್‌ನಲ್ಲಿ ಒಂದು ದಿನ ಆಚೀಚೆ ಬೀಳುತ್ತಿವೆ. ಡೀಫಾಲ್ಟ್ ಬದಲಾದರೆ ಅದು ಮೇಜರ್ (ಮೊದಲ ಅಂಕಿಯ) ಬದಲಾವಣೆ. ಪ್ಯಾಚ್‌ನಲ್ಲಿ ಅದನ್ನು ಹಿಂದಕ್ಕೆ ತನ್ನಿ.

ಹೊಸದಾಗಿ ಏನನ್ನೂ ಬರೆದುಕೊಡಿ ಎಂದು ನಾವು ಕೇಳುತ್ತಿಲ್ಲ. ವರ್ಶನ್ 4ರ ಪುಟಗಳು ನಿಮ್ಮ ರೆಪಾಸಿಟರಿಯ ಟ್ಯಾಗ್‌ನಲ್ಲಿ ಇದ್ದೇ ಇರುತ್ತವೆ, ಅಲ್ಲಿಂದ ಬಿಲ್ಡ್ ಮಾಡಿ ಹಳೆಯ ವಿಳಾಸದಲ್ಲೇ ಇಡಿ. ಬೆಂಬಲ ಮುಗಿದ ಮೇಲೂ ತೆಗೆಯುವುದಿಲ್ಲ ಎಂದು ಲಿಖಿತವಾಗಿ ತಿಳಿಸಿ. 4.8.3 ರಿಜಿಸ್ಟ್ರಿಗೆ ಮರಳಲಿ, 4.8.4ರ ಮೂಲ ಫೈಲ್ ಮತ್ತೆ ಬರಲಿ, ತಿದ್ದಿದ್ದಕ್ಕೆ 4.8.5 ಎಂದು ಹೆಸರಿಡಿ. ಇವಕ್ಕೆ 10 ಕೆಲಸದ ದಿನ ಸಾಕು. ಎರರ್ ಕೋಡ್ ಪಟ್ಟಿ, ಪ್ಯಾಕೇಜ್ ಕೋಷ್ಟಕ, ಸರ್ಚ್ ಇಂಡೆಕ್ಸ್, ಇವಕ್ಕೆ 30 ದಿನ ಕೊಡಬಹುದು. ಮಾದರಿ ಕೋಡ್‌ಗಳನ್ನು ಪ್ರತಿ ಬಿಡುಗಡೆಯಲ್ಲೂ ಖಾಲಿ ಫೋಲ್ಡರ್‌ನಲ್ಲಿ ಇನ್‌ಸ್ಟಾಲ್ ಮಾಡಿ ಓಡಿಸುವ ಒಂದು ಹಂತವನ್ನು ನಿಮ್ಮ ಸಿಐಗೆ (ತಾನಾಗಿ ಬಿಲ್ಡ್ ಮತ್ತು ಪರೀಕ್ಷೆ ನಡೆಸುವ ವ್ಯವಸ್ಥೆ) ಸೇರಿಸಿ. ನಿಮ್ಮ ಯಂತ್ರದಲ್ಲಿ ಐದೂ ಪ್ಯಾಕೇಜ್ ಮೊದಲೇ ಇರುವುದರಿಂದಲೇ ಅಲ್ಲಿ ಈ ತಪ್ಪುಗಳು ಕಾಣುತ್ತಿಲ್ಲ.

10 ಕೆಲಸದ ದಿನದೊಳಗೆ ಮೊದಲ ಭಾಗ ಆಗದಿದ್ದರೆ ಬೆಂಬಲ ಶುಲ್ಕದಲ್ಲಿ ಉಳಿದ 14 ತಿಂಗಳ ಪಾಲನ್ನು ಹಿಂತಿರುಗಿಸಬೇಕೆಂದು ಒಪ್ಪಂದದ ಅಡಿಯಲ್ಲಿ ಕೇಳುತ್ತೇವೆ. ತಪ್ಪು ಕಡೆಗೆ ಹೋಗುವ ಲಿಂಕ್‌ಗಳ ಪಟ್ಟಿ, ಕರ್ಲ್ ಹೆಡರ್‌ಗಳ ಪ್ರತಿ, 4.8.4ರ ಎರಡೂ ಫೈಲ್‌ಗಳ ಎಸ್‌ಎಚ್‌ಎ-512 ಮೊತ್ತ, ಗ್ರಿಡ್ ಖಾಲಿ ಕಾಣುವ 20 ಸಾಲಿನ ಮಾದರಿ ಪ್ರಾಜೆಕ್ಟ್, ಇವನ್ನು ಲಗತ್ತಿಸಿದ್ದೇವೆ. ಮಾದರಿಯನ್ನು ಓಡಿಸುವ ಮೊದಲು ನಿಮ್ಮ ಯಂತ್ರದ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಅಳಿಸಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿಗಳು,
ವರ್ಶನ್ 4ರ ಲೈಸೆನ್ಸ್‌ದಾರರ ಡೆವಲಪ್‌ಮೆಂಟ್ ತಂಡ