ಸಂಪಾದಕರ ಮೇಜಿನಿಂದ: ಅಜ್ಜಿಯ ಸಂಚಿ, ಆ ಲೇಡಿಯ ಡಬ್ಬಿ

ನಮ್ಮ ಕನ್ನಡ ಕೂಟದ ಪತ್ರಿಕೆಯ ಮೂರನೇ ಪುಟ ಖಾಲಿ ಇದೆ. ದೀಪಾವಳಿ ಲೇಖನ ಬರೆದುಕೊಡುತ್ತೇನೆ ಎಂದವರು ಊರಿಗೆ ಹೋದರು. ಅಲ್ಲಿಂದ ಲೇಖನ ಬರಲಿಲ್ಲ, ಬಿಸಿ ಹೋಳಿಗೆಯ ಫೋಟೊ ಬಂತು. ಬೆಳಗ್ಗೆ ಒಂಬತ್ತಕ್ಕೆ ಫೈಲ್ ಪ್ರೆಸ್ಸಿಗೆ ಹೋಗಬೇಕು. ಈಗ ರಾತ್ರಿ ಹನ್ನೊಂದೂವರೆ. ಚಕ್ಕುಲಿ ಹಿಟ್ಟು ಕಲಸಿಟ್ಟು ಬಂದು ಕೂತಿದ್ದೇನೆ. ಹಾಗಾಗಿ ಈ ಸಲ ನನ್ನ ಮಾತು ಸ್ವಲ್ಪ ಜಾಸ್ತಿ. ವಿಷಯ ಕೈಚೀಲ. ನಗಬೇಡಿ.

ಹೋದ ಶನಿವಾರ ಹಬ್ಬಕ್ಕೆ ಸೀರೆ ಹುಡುಕುತ್ತಿದ್ದೆ. ಸೂಟ್‌ಕೇಸಿನ ತಳದಲ್ಲಿ ಅಜ್ಜಿಯ ಎಲೆಯಡಿಕೆ ಸಂಚಿ ಸಿಕ್ಕಿತು. ಹತ್ತು ವರ್ಷದ ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ‘ಅಮ್ಮಾ, ಇದನ್ನೂ ಆ ಲೇಡಿನೇ ಮಾಡಿದ್ದಾ?’ ಎಂದಳು.

ಆ ಲೇಡಿ ಅಂದರೆ ಅಮೆರಿಕದಲ್ಲಿ ಕೈಚೀಲ ಮಾಡಿ ಹೆಸರಾದ ಜುಡಿತ್ ಲೈಬರ್. ಇವಳಿಗೆ ಆರು ವರ್ಷ ಇದ್ದಾಗ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನ ಈಸ್ಟ್ ಹ್ಯಾಂಪ್ಟನ್‌ಗೆ ಸಮುದ್ರ ನೋಡಲು ಹೋಗಿದ್ದೆವು. ಮಳೆ ಹಿಡಿಯಿತು. ಮಳೆಗೆ ನಿಲ್ಲಲು ಹೊಕ್ಕಿದ್ದು ಲೈಬರ್ ದಂಪತಿ 2005ರಲ್ಲಿ ತೆರೆದ ಪುಟ್ಟ ಮ್ಯೂಸಿಯಂ. ಗಂಡ ಗಸ್ ಚಿತ್ರಕಾರ. ಗೋಡೆಯ ಮೇಲೆ ಅವರ ಚಿತ್ರಗಳು, ಗಾಜಿನೊಳಗೆ ಹೆಂಡತಿಯ ಚೀಲಗಳು. ಚೀಲ ಅನ್ನುವುದೂ ತಪ್ಪೇ. ಅಂಗೈಯಗಲದ ಲೋಹದ ಡಬ್ಬಿಗಳು, ಮೈತುಂಬ ಹರಳು. ಕಲ್ಲಂಗಡಿ ಹೋಳು, ಟೊಮ್ಯಾಟೊ, ಪೆಂಗ್ವಿನ್, ಆನೆ. ಮಗಳು ಗಾಜಿಗೆ ಮೂಗೊತ್ತಿ ನಿಂತು, ಇದು ಕುಂಕುಮದ ಭರಣಿ ಅಲ್ವಾ ಎಂದು ಕೇಳಿದ್ದಳು. ಅವತ್ತಿನಿಂದ ಅವಳ ಲೆಕ್ಕದಲ್ಲಿ ಹಳೇ ಚೀಲಗಳೆಲ್ಲ ಆ ಲೇಡಿಯದೇ.

ಜುಡಿತ್ ಹುಟ್ಟಿದ್ದು 1921ರಲ್ಲಿ, ಬುಡಾಪೆಸ್ಟಿನ ಒಂದು ಯಹೂದಿ ಮನೆಯಲ್ಲಿ. ಮಗಳು ಕೆಮಿಸ್ಟ್ರಿ ಓದಿ ಮುಖಕ್ಕೆ ಹಚ್ಚುವ ಕ್ರೀಮ್ ಮಾಡಲಿ ಎಂದು ಮನೆಯವರ ಆಸೆ. ಅದಕ್ಕೇ ಲಂಡನ್ನಿಗೆ ಕಳಿಸಿದರು. ನಮ್ಮಲ್ಲಿ ಇಂಜಿನಿಯರಿಂಗ್ ಅನ್ನುತ್ತಾರಲ್ಲ, ಹಾಗೆ. ಎರಡನೇ ಮಹಾಯುದ್ಧ ಬಂತು, ಓದು ನಿಂತಿತು. ವಾಪಸ್ ಬಂದು ಬುಡಾಪೆಸ್ಟಿನಲ್ಲೇ ಒಂದು ಕೈಚೀಲದ ಕಂಪನಿಗೆ ಕೆಲಸ ಕಲಿಯಲು ಸೇರಿದರು. ಮೊದಲು ಸಿಕ್ಕಿದ್ದು ನೆಲ ಗುಡಿಸುವುದು, ಅಂಟು ಕುದಿಸುವುದು. ಆಮೇಲೆ ಚರ್ಮ ಕತ್ತರಿಸುವುದು, ಮಾದರಿ ತೆಗೆಯುವುದು, ಹೊಲಿಯುವುದು. ಹಂಗೇರಿಯ ಕೈಚೀಲ ಕಸುಬಿನವರ ಸಂಘಕ್ಕೆ ಸೇರಿದ ಮೊದಲ ಹೆಂಗಸು ಅವರೇ. ಆ ಊರಿನ ಯಹೂದಿಗಳನ್ನು ಹಿಡಿದು ನಾಜಿ ಶಿಬಿರಗಳಿಗೆ ಸಾಗಿಸುತ್ತಿದ್ದಾಗ ಇವರ ಕುಟುಂಬ ಉಳಿದದ್ದು ಸ್ವಿಸ್ ರಕ್ಷಣೆಯಿದ್ದ ಮನೆಯೊಂದರಲ್ಲಿ, ಜನ ಕಿಕ್ಕಿರಿದ ಕೋಣೆಯಲ್ಲಿ. ಭಯ ಮರೆಯಲು ಮನಸ್ಸಿನಲ್ಲೇ ಚೀಲ ಮಾಡುತ್ತಿದ್ದರಂತೆ.

ಯುದ್ಧ ಮುಗಿದ ಮೇಲೆ ಅಮೆರಿಕನ್ ಸೈನ್ಯದ ಗಸ್ ಸಿಕ್ಕಿದರು. 1946ರಲ್ಲಿ ಮದುವೆ, 1947ರಲ್ಲಿ ನ್ಯೂಯಾರ್ಕ್. ಇಲ್ಲಿ ನೋಡಿದರೆ ಒಬ್ಬರು ಕತ್ತರಿಸುವುದು, ಇನ್ನೊಬ್ಬರು ಹೊಲಿಯುವುದು, ಮತ್ತೊಬ್ಬರು ಫ್ರೇಮ್ ಕೂರಿಸುವುದು. ಪೂರ್ತಿ ಚೀಲ ಒಬ್ಬರಿಗೇ ಬರುವುದು ಅಪರೂಪ. ಇವರಿಗೆ ಬರುತ್ತಿತ್ತು. ಆದರೂ ಹದಿನಾರು ವರ್ಷ ಬೇರೆಯವರ ಹೆಸರಿಗೇ ದುಡಿದರು. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರ ಪದಗ್ರಹಣದ ಸಂಭ್ರಮಕ್ಕೆ ಹೆಂಡತಿ ಮೇಮಿ ಹಿಡಿದ ಚೀಲ ಮಾಡಿದ್ದು ಜುಡಿತ್. ಹೆಸರು ಮಾತ್ರ ಫ್ಯಾಷನ್ ಡಿಸೈನರ್ ನೆಟ್ಟಿ ರೋಸೆನ್‌ಸ್ಟೀನ್ ಅವರದು. 1963ರಲ್ಲಿ, ಗಂಡನ ಒತ್ತಾಯಕ್ಕೆ, ಸ್ವಂತ ಕಂಪನಿ. ಆಗ ವಯಸ್ಸು 42. ಅಮೆರಿಕಕ್ಕೆ ಬಂದು ರೆಸ್ಯೂಮೆಯ ಮೊದಲ ಸಾಲನ್ನೇ ಮತ್ತೆ ಬರೆಯಬೇಕಾದ ನಮ್ಮ ಕೂಟದ ಎಷ್ಟೋ ಹೆಂಗಸರು ಈ ಸಾಲನ್ನು ಎರಡು ಸಲ ಓದುತ್ತಾರೆ ಅಂತ ಗೊತ್ತು.

ನನಗೆ ಇಷ್ಟವಾದದ್ದು 1967ರ ಕಥೆ. ಲೋಹದ ಡಬ್ಬಿ ಮಾಡಿಸಿ ಗಿಲೀಟಿಗೆ ಕೊಟ್ಟಿದ್ದರು. ವಾಪಸ್ ಬಂದಾಗ ಮೈಯೆಲ್ಲ ಹಸಿರು ಹಸಿರು. ಬೇರೆಯವರಾದರೆ ಎಸೆಯುತ್ತಿದ್ದರು. ಇವರು ಕಲೆಯ ಮೇಲೆ ಹೊಳೆಯುವ ಹರಳು ಅಂಟಿಸಿದರು. ಅದೇ ಅವರ ಗುರುತಾಯಿತು. ಮುಂದೆ ಒಂದೊಂದು ಡಬ್ಬಿಗೆ ಸಾವಿರಗಟ್ಟಲೆ ಹರಳು, ಕೆಲವಕ್ಕೆ 13,000ದವರೆಗೆ, ಒಂದೊಂದಾಗಿ ಕೈಯಲ್ಲೇ ಕೂರಿಸಿದ್ದು. ಬೆಲೆಯೂ ಸಾವಿರಾರು ಡಾಲರ್. ಹಿಡಿಯುವುದು ಒಂದು ಲಿಪ್‌ಸ್ಟಿಕ್, ಒಂದು ಕರವಸ್ತ್ರ, ಒಂದು ನೂರರ ನೋಟು. ಸುಮ್ನೆ ದುಬಾರಿ ಆಟಿಕೆ ಅಂತ ನಾನೂ ಅಂದುಕೊಂಡಿದ್ದೆ. ಬಾಯಿ ತೆರೆದಿಟ್ಟ ಒಂದು ಡಬ್ಬಿ ನೋಡಿದ ಮೇಲೆ ಹಾಗೆ ಅನ್ನಲಿಲ್ಲ. ಒಳಗೆ ಚಿನ್ನದ ಬಣ್ಣದ ಮೆತ್ತನೆ ಚರ್ಮ, ಪುಟ್ಟ ಬಾಚಣಿಗೆ, ಕನ್ನಡಿ. ಯಾರ ಕಣ್ಣಿಗೂ ಬೀಳದ ಜಾಗದಲ್ಲೂ ಹೊಲಿಗೆ ನೆಟ್ಟಗಿತ್ತು.

ಅಲ್ಲೇ ಅಜ್ಜಿ ನೆನಪಾದದ್ದು.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜಿಯ ಸಂಚಿ ಮುಟ್ಟುವ ಹಾಗಿರಲಿಲ್ಲ. ಖಣದ ತುಂಡಿನಲ್ಲಿ ಹೊಲಿದದ್ದು, ಬಾಯಿಗೆ ಲಾಡಿ. ಒಳಗೆ ನಾಲ್ಕು ಅರೆ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು. ನಾಲ್ಕನೆಯದರಲ್ಲಿ ಏನಿದೆ ಎಂದು ಕೇಳಿದರೆ ‘ನಿನ್ ಮದ್ವೆ ಖರ್ಚು’ ಎನ್ನುತ್ತಿದ್ದರು. ಎರಡು ಮೂರು ವರ್ಷಕ್ಕೊಮ್ಮೆ ಸಂಚಿ ಸವೆಯುತ್ತಿತ್ತು. ಆಗ ಪೇಟೆಗೆ ಪ್ರಯಾಣ. ನಾನೂ ಲಂಗ ಹಿಡಿದುಕೊಂಡು ಹಿಂದೆ. ದರ್ಜಿಗೆ ಅಜ್ಜಿಯನ್ನು ಕಂಡರೆ ನಡುಕ. ಹೊಸ ಸಂಚಿ ಕೈಗೆ ಬಂದದ್ದೇ ತಡ, ಅದನ್ನು ಹೊರಳಿಸಿ ಒಳಗನ್ನು ಹೊರಗೆ ಮಾಡುತ್ತಿದ್ದರು. ಬೆಳಕಿಗೆ ಹಿಡಿದು ಹೊಲಿಗೆಯ ಮೇಲೆ ಉಗುರು ಎಳೆಯುತ್ತಿದ್ದರು. ‘ಹೊರಗೆಲ್ಲ ಚಂದಾನೇ ಮಾರಾಯ. ಒಳಗೆ ದಾರ ಯಾಕೆ ಜೋತಾಡ್ತಿದೆ?’ ದರ್ಜಿ ತಲೆ ಕೆರೆದುಕೊಂಡು ಮತ್ತೆ ಮಿಷನ್ನಿಗೆ ಕೂರುತ್ತಿದ್ದ. ನಾವು ಪಕ್ಕದ ಹೋಟೆಲಿನಲ್ಲಿ ಒಂದು ದೋಸೆ ಇಬ್ಬರೂ ಹಂಚಿಕೊಂಡು ಬರುವಷ್ಟರಲ್ಲಿ ಸಂಚಿ ತಯಾರು. ದುಡ್ಡು ಕೊಡುವಾಗ ಚೌಕಾಸಿ ಮಾಡಿದ್ದನ್ನು ನಾನು ನೋಡಿಲ್ಲ. ಬಸ್ಸಿನಲ್ಲಿ ಬರುತ್ತಾ ಹಳೇ ಸಂಚಿಯ ಸಾಮಾನನ್ನೆಲ್ಲ ಹೊಸದಕ್ಕೆ ತುಂಬುತ್ತಿದ್ದರು. ನಾಲ್ಕನೇ ಅರೆ ತುಂಬುವಾಗ ಮಾತ್ರ ಕಿಟಕಿಯ ಕಡೆ ತಿರುಗುತ್ತಿದ್ದರು.

ಸಂಚಿ ಹಿಡಿಯುವ ಕೆಲಸವೇ ಹೆಸರಾಗಿ ನಿಂತ ಹೊನ್ನಮ್ಮನ ನಾಡಿನವರಲ್ವಾ ನಾವು. ಆದರೂ ಆ ದರ್ಜಿಯ ಹೆಸರು ನನಗೆ ಗೊತ್ತಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಅಮ್ಮ ಈ ಕೊನೆಯ ಸಂಚಿಯನ್ನು ನನ್ನ ಸೂಟ್‌ಕೇಸಿಗೆ ಹಾಕಿದರು. ನಾಲ್ಕನೇ ಅರೆಯಲ್ಲಿ ಒಂದು ಲವಂಗ, ಒಂದು ನಾಲ್ಕಾಣೆ. ಹಾಗೇ ಬಿಟ್ಟಿದ್ದೇನೆ.

ಜುಡಿತ್ 1993ರಲ್ಲಿ ಕಂಪನಿ ಮಾರಿದರು. 1998ರವರೆಗೂ ವಿನ್ಯಾಸ ಮಾಡಿಕೊಟ್ಟರು. ಒಟ್ಟು 3,500ಕ್ಕೂ ಹೆಚ್ಚು ಮಾದರಿ. ಆಮೇಲೆ ಹರಾಜಿನಲ್ಲಿ ತಮ್ಮದೇ ಹಳೇ ಚೀಲಗಳನ್ನು ದುಡ್ಡು ಕೊಟ್ಟು ವಾಪಸ್ ತಂದು ಆ ಮ್ಯೂಸಿಯಂ ತುಂಬಿಸಿದರು. 2018ರ ಏಪ್ರಿಲ್ 28ರಂದು ಗಂಡ, ಹೆಂಡತಿ ಇಬ್ಬರೂ ಕೆಲವೇ ಗಂಟೆಗಳ ಅಂತರದಲ್ಲಿ ಹೋದರು. ಜುಡಿತ್‌ಗೆ 97, ಗಸ್‌ಗೆ 96.

ಅಂಟು ಕುದಿಸುವುದರಿಂದ ಹಿಡಿದು ಕೊನೆಯ ಹರಳಿನವರೆಗೆ ಅವರಿಗೆ ಎಲ್ಲ ಕೆಲಸವೂ ಬರುತ್ತಿತ್ತು. ಈ ಪತ್ರಿಕೆಯಲ್ಲೂ ಟೈಪ್ ಮಾಡುವುದು, ತಿದ್ದುವುದು, ಪುಟ ಕಟ್ಟುವುದು, ಅಂಚೆಚೀಟಿ ಅಂಟಿಸುವುದು ಎಲ್ಲ ಒಬ್ಬಳೇ ಮಾಡುತ್ತಿದ್ದೇನೆ. ನನ್ನದು ಕಸುಬುಗಾರಿಕೆ ಅಲ್ಲ, ಗತಿಯಿಲ್ಲದೆ. ಹೋದ ಸಂಚಿಕೆಯಲ್ಲಿ ‘ಶುಭಾಶಯ’ವನ್ನೇ ತಪ್ಪು ಹಾಕಿ ಹದಿನಾಲ್ಕು ಫೋನ್ ಬಂದವು. ಆ ಹದಿನಾಲ್ಕು ಜನರಲ್ಲಿ ಒಬ್ಬರು ಕರಡು ತಿದ್ದಲು ಬಂದರೂ ಸಾಕು. ತಿಂಗಳಿಗೆ ಎರಡು ಸಂಜೆ. ಕಾಫಿ ನನ್ನದು. ನಿಜವಾಗಿ ಕೇಳುತ್ತಿದ್ದೇನೆ.

ಜಾಗ ಮುಗಿಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಮಧ್ಯಾಹ್ನ ಮೂರಕ್ಕೆ, ಯಾವಾಗಿನ ಶಾಲೆಯಲ್ಲೇ. ಮೂರು ಅಂದರೆ ಮೂರು. ಗಾಡಿ ಹಿಂದಿನ ಗೇಟಿನ ಕಡೆ ನಿಲ್ಲಿಸಿ. ಚಿತ್ರಾನ್ನ ಈಗಾಗಲೇ ಐದು ಮನೆಯಿಂದ ಬರುತ್ತಿದೆ, ದಯವಿಟ್ಟು ಇನ್ನು ಬೇಡ, ಮೊಸರನ್ನಕ್ಕೆ ಯಾರೂ ಹೆಸರು ಕೊಟ್ಟಿಲ್ಲ. ಕನ್ನಡ ಕಲಿ ಮಕ್ಕಳ ನಾಟಕದ ತಾಲೀಮು ಭಾನುವಾರ ಹತ್ತಕ್ಕೆ. ಸದಸ್ಯತ್ವದ ಹಣ ಬಾಕಿ ಇರುವವರಿಗೆ ಖಜಾಂಚಿಯವರ ನಮಸ್ಕಾರ. ಕುರ್ಚಿ ಜೋಡಿಸಲು ಆರು ಜನ ಬೇಕು. ಎತ್ತಿಡಲೂ ಆರು ಜನ ಬೇಕು, ಅದೇ ಆರು ಜನ ಅಲ್ಲ.

ಅಂದ ಹಾಗೆ, ರಾಜ್ಯೋತ್ಸವಕ್ಕೆ ಮಗಳು ಲಂಗ ದಾವಣಿ ಹಾಕಿ, ಸೊಂಟಕ್ಕೆ ಅಜ್ಜಿಯ ಸಂಚಿ ಸಿಕ್ಕಿಸಿಕೊಳ್ಳುತ್ತಾಳಂತೆ. ನನ್ನ ಫೋನ್ ತುರುಕಿ ನೋಡಿದಳು, ಎಲೆಯ ಅರೆಯಲ್ಲಿ ಸರಿಯಾಗಿ ಕೂತಿತು. ನಾಲ್ಕನೇ ಅರೆಯಲ್ಲಿ ಏನಿದೆ ಎಂದು ಕೇಳಿದಳು. ‘ನಿನ್ ಮದ್ವೆ ಖರ್ಚು’ ಎಂದೆ.