ಒಂದೇ ಲಿಂಬ್ ರಿಪೇರಿ ಇನ್ನಿಲ್ಲ: ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ, ಸುಟ್ಟು ಬಂದ ಟ್ರಾನ್ಸ್‌ಫಾರ್ಮರಿನ ಒಂದೇ ಲಿಂಬ್ (ತಂತಿಯ ಕಾಯಿಲ್ ಕೂರುವ ಮೂರು ಉಕ್ಕಿನ ಕಂಬಗಳಲ್ಲಿ ಒಂದು) ಸುತ್ತಿಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಮೂರೂ ಲಿಂಬ್‌ಗಳ ಕಾಯಿಲ್ ಹೊಸದಾಗಿ ಸುತ್ತಿ, ಓವನ್‌ನಲ್ಲಿ ಒಣಗಿಸಿ, ಹೊಸ ಎಣ್ಣೆ ತುಂಬಿಯೇ ಕಳಿಸುತ್ತೇವೆ. ನಾಲ್ಕು ದಿನದ ಕೆಲಸ ಹತ್ತು ದಿನವಾಗುತ್ತದೆ, ಬಿಲ್ಲೂ ಏರುತ್ತದೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಒಬ್ಬೊಬ್ಬರಿಂದಲೂ ಬೈಸಿಕೊಳ್ಳುವ ಬದಲು ಬರೆದೇ ತಿಳಿಸುತ್ತಿದ್ದೇವೆ.

ವರ್ಷವಿಡೀ ಕೇಳಿದ್ದು ಒಂದೇ ಮಾತು: “ನೀವು ರಿಪೇರಿ ಮಾಡಿದ್ದು ಆರು ತಿಂಗಳಿಗೆ ಮತ್ತೆ ಸುಟ್ಟಿತು.” ಸುಟ್ಟದ್ದು ನಿಜ. ಆದರೆ ಬಿಚ್ಚಿ ನೋಡಿದಾಗ ಹೆಚ್ಚಿನವುಗಳಲ್ಲಿ ನಾವು ಸುತ್ತಿದ ಲಿಂಬ್ ಹಾಗೇ ಇತ್ತು. ಸುಟ್ಟದ್ದು ಪಕ್ಕದ್ದು, ಬೇಗ ಬೇಕು, ಕಡಿಮೆಯಲ್ಲಿ ಆಗಬೇಕು ಎಂದು ನೀವು ಮುಟ್ಟಲು ಬಿಡದಿದ್ದದ್ದು. ಒಂದು ಕಾಯಿಲ್ ಸುಟ್ಟರೆ ಮಸಿ, ತಾಮ್ರದ ಕಣಗಳು ಎಣ್ಣೆಯೊಡನೆ ಉಳಿದೆರಡಕ್ಕೂ ಹೋಗಿ ಕೂರುತ್ತವೆ. ಲೈನಿನಲ್ಲಿ ಶಾರ್ಟ್ ಆದಾಗ ಬೀಳುವ ಒದೆತವಂತೂ ಬೇರೆಯೇ ಕಥೆ: ಕರೆಂಟ್ 10 ಪಟ್ಟಾದರೆ ಕಾಯಿಲ್ ಮೇಲಿನ ಬಲ 100 ಪಟ್ಟು. ಆ ಏಟು ತಿಂದ ಕಾಯಿಲ್ ನೋಡಲು ನೆಟ್ಟಗಿರುತ್ತದೆ, ಇನ್ಸುಲೇಶನ್ ಪರೀಕ್ಷಿಸುವ ಮೆಗ್ಗರಿನ ರೀಡಿಂಗ್ ಕೂಡ ಸರಿಯಾಗೇ ಬರುತ್ತದೆ, ಒಳಗೆ ಮಾತ್ರ ಪೆಟ್ಟಾಗಿರುತ್ತದೆ.

ಇದು ಗೊತ್ತಿದ್ದೂ ಒತ್ತಾಯಕ್ಕೆ ಮಣಿದು ಕಳಿಸಿದ್ದು ನಮ್ಮ ತಪ್ಪು. ಕ್ಷಮಿಸಿ. ಆದರೆ ಕಾಯಿಲ್ ಸುತ್ತಿದ ಕೆಲಸಕ್ಕೆ ಕ್ಷಮೆ ಕೇಳುವುದಿಲ್ಲ. ನಮ್ಮ ಹುಡುಗರ ಕೈ ಎಂಥದ್ದೆಂದು ನಿಮಗೇ ಗೊತ್ತು.

ನಿಮ್ಮ ಕಡೆ ಫ್ಯೂಸ್ ಹಾಕುವಲ್ಲಿ ದಪ್ಪ ತಂತಿ ಕಟ್ಟಿದ್ದನ್ನು, ಒಳಹೋಗುವ ಗಾಳಿಯ ತೇವ ಹೀರುವ ಬ್ರೀದರಿನ ನೀಲಿ ಸಿಲಿಕಾ ಜೆಲ್ ಗುಲಾಬಿಯಾಗಿ ಹಾಗೇ ಬಿದ್ದಿದ್ದನ್ನು ನಾವೂ ನೋಡಿದ್ದೇವೆ, ಹೇಳಿಲ್ಲ ಅಷ್ಟೆ. ಮಿತಿ ಮೀರಿ ಕಾದ ಮೇಲೆ ಪ್ರತಿ 6 ಡಿಗ್ರಿಗೆ ಕಾಯಿಲಿನ ತಂತಿಗೆ ಸುತ್ತಿದ ಇನ್ಸುಲೇಶನ್ ಕಾಗದ ಹಳಸುವ ವೇಗ ದುಪ್ಪಟ್ಟಾಗುತ್ತದೆ ಎಂಬುದು ಲೆಕ್ಕ. ಓವರ್‌ಲೋಡಿಗೆ ಯಾವ ವರ್ಕ್‌ಶಾಪಿನಲ್ಲೂ ಮದ್ದಿಲ್ಲ.

ಇನ್ನು ರೇಟು. ತಾಮ್ರದ ದರ ನಾವು ಕಟ್ಟುವುದಲ್ಲ. ಲಂಡನ್ನಿನ ಲೋಹ ಮಾರುಕಟ್ಟೆಯಲ್ಲಿ ದಿನಾ ಏರಿಳಿಯುತ್ತದೆ. ಲಿಂಬ್‌ಗಳೂ ಸೇರಿದ ಉಕ್ಕಿನ ಚೌಕಟ್ಟಾದ ಕೋರಿನ ಸಿಲಿಕಾನ್ ಸ್ಟೀಲ್ ತಗಡು ಮಾಡುವ ಕಾರ್ಖಾನೆಗಳು ಇಡೀ ಲೋಕದಲ್ಲೇ ಕೆಲವು. ಎಣ್ಣೆ ಕಚ್ಚಾ ತೈಲದ ಬಾಲ ಹಿಡಿದು ಓಡುತ್ತದೆ. ಇವನ್ನೆಲ್ಲ ನಗದು ಕೊಟ್ಟು ತರುತ್ತೇವೆ. ನಿಮ್ಮ ಬಿಲ್ಲು ಪಾಸಾಗುವುದು ಯಾವಾಗ, ಇರಲಿ ಬಿಡಿ. “ಹಳೇ ತಾಮ್ರ ನುಂಗಿದಿರಿ” ಎಂಬ ಮಾತು ಮಾತ್ರ ನೋಯಿಸಿತು. ಬಿಚ್ಚುವ ಮೊದಲಿನ ತೂಕದಲ್ಲಿ ಕಾಗದ, ವಾರ್ನಿಷ್, ಹೀರಿದ ಎಣ್ಣೆಯೂ ಸೇರಿರುತ್ತದೆ. ಸುಲಿದ ಮೇಲೆ ಇಳಿಯದೆ ಏನು? ಇನ್ನು ಮೇಲೆ ನಿಮ್ಮೆದುರೇ ಎರಡು ಸಲ ತೂಗಿ, ಹಳೇ ತಾಮ್ರದ ಬೆಲೆಯನ್ನು ಬಿಲ್ಲಿನಲ್ಲಿ ಕಳೆದುಕೊಡುತ್ತೇವೆ.

ಹತ್ತು ದಿನದಲ್ಲಿ ಹೆಚ್ಚಿನ ಪಾಲು ಒಣಗಿಸುವುದಕ್ಕೇ ಹೋಗುತ್ತದೆ. ಕಾಗದದಲ್ಲಿ ತೇವ ಉಳಿದರೆ ಮಿಕ್ಕಿದ್ದೆಲ್ಲ ವ್ಯರ್ಥ. ತುಂಬುವ ಎಣ್ಣೆ 2.5 ಮಿ.ಮೀ. ಅಂತರದಲ್ಲಿ 60 ಕೆವಿ (ಸಾವಿರ ವೋಲ್ಟ್) ಒತ್ತಡ ತಡೆಯದಿದ್ದರೆ ಟ್ಯಾಂಕ್ ಮುಚ್ಚುವುದಿಲ್ಲ, ಯಾರು ಎಷ್ಟೇ ಅವಸರ ಮಾಡಲಿ.

ಈಗಾಗಲೇ ಶೆಡ್ಡಿನಲ್ಲಿರುವವಕ್ಕೆ ಹಳೇ ರೇಟೇ. ಅವುಗಳಲ್ಲೂ ಮೂರೂ ಲಿಂಬ್ ಸುತ್ತಿಸಬೇಕೆನ್ನುವವರು ಈ ವಾರವೇ ತಿಳಿಸಿ. ಟ್ಯಾಂಕ್ ಮುಚ್ಚಿಬಿಟ್ಟರೆ ಮತ್ತೆ ಬಿಚ್ಚುವುದು ಇಬ್ಬರಿಗೂ ನಷ್ಟ.

ಇಂತಿ,
ನಿಮ್ಮ ವರ್ಕ್‌ಶಾಪಿನವರು